ಅದೇ ಮುಂದುವರಿಸಿ

"ಈ ಪೇಷೆಂಟಿನ ಬಿಳಿರಕ್ತಕಣ ಇಷ್ಟು ಕಮ್ಮಿಯಾಗಿರೋದಕ್ಕೆ ಕಾರಣ ಇಲ್ಲೇ ನಿಂತಿದೆ, ನೋಡಿ. ಬರ್ಕೊಳ್ಳಿ. ಕಾಯಿಲೆಯ ಹೆಸರು, ಮಗ."

ಡಾಕ್ಟರ್ ವಸಿಷ್ಠ ಪೆನ್ನಿನ ತುದಿಯನ್ನು ವಿಜಯ್‌ಕುಮಾರನ ಎದೆಗೆ ಗುರಿ ಹಿಡಿದು ಹೀಗಂದಾಗ ಮಂಚದ ಸುತ್ತ ನಿಂತಿದ್ದ ಆರು ಜನ ಕಿರಿಯ ಡಾಕ್ಟರುಗಳು ನಕ್ಕರು. ನಗು ಬಾರದವರೂ ನಕ್ಕರು. ದೊಡ್ಡ ಡಾಕ್ಟರ ಜೋಕಿಗೆ ನಗುವುದಕ್ಕೂ ಅವರ ಪರೀಕ್ಷೆಯಲ್ಲಿ ಮಾರ್ಕು ಇರಬೇಕು. ಅವರಲ್ಲೊಬ್ಬಳು, ಕೋಟಿನ ಜೇಬಿನ ಮೇಲೆ ಹೇಮಶ್ರೀ ಅಂತ ಹೆಸರಿದ್ದವಳು, ನಿಜವಾಗಿಯೂ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡಳು. ಪಕ್ಕದ ಮಂಚದ ಮುದುಕಿಯ ಕಡೆಯವರು ಇಡ್ಲಿ ತಿನ್ನುವುದನ್ನು ನಿಲ್ಲಿಸಿ ಇತ್ತ ತಿರುಗಿದರು. ವಿಜಿಯ ಅವ್ವ ಚೆಲುವಮ್ಮನ ಮಂಚದ ತಲೆಗೆ 'ಸೋಂಕು ತಾಗಬಾರದು, ದೂರ ನಿಲ್ಲಿ' ಅಂತ ಕೆಂಪಕ್ಷರದ ಬೋರ್ಡು ನೇತುಹಾಕಿದ್ದರು. ಆ ಬೋರ್ಡಿನ ಕೆಳಗೇ ಒಬ್ಬ ಕಿರಿಯ ಡಾಕ್ಟರು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಸೀನಿದ.

"ನಿಮ್ಮಮ್ಮನಿಗೆ ಜ್ವರ ಬಂದಾಗ ಏನ್ ಕೊಟ್ಟೆ, ಇವರಿಗೂ ಹೇಳು."

"ಅಜಿತ್ರೊಮೈಸಿನ್ ಸಾರ್. ಎರಡು."

"ಯಾರು ಬರ್ದು ಕೊಟ್ಟಿದ್ದು?"

"ಯಾರೂ ಇಲ್ಲ ಸಾರ್. ನಾನೇ. ಮೆಡಿಕಲ್ ಸ್ಟೋರಲ್ಲಿ ಕೆಲಸ ಮಾಡ್ತೀನಿ."

"ಓಹೋ, ನಮ್ಮವರೇ! ಎಷ್ಟು ಓದಿದ್ದೀರಿ ಡಾಕ್ಟ್ರೇ?"

"ಒಂಬತ್ತು... ಅರ್ಧಕ್ಕೆ ಬಿಟ್ಟೆ."

"ಸ್ಕೂಲೂ ಅರ್ಧ, ಮಾತ್ರೆನೂ ಅರ್ಧ. ಇವರು ಯಾವುದನ್ನೂ ಪೂರ್ತಿ ಮಾಡಲ್ಲ ಕಣ್ರೀ. ಪೇಷೆಂಟನ್ನ ಮಾತ್ರ ಪೂರ್ತಿ ಮುಗಿಸ್ತಾರೆ."

ಚೆಲುವಮ್ಮ ಸೂಜಿ ಚುಚ್ಚಿದ್ದ ಕೈಯನ್ನೂ ಎತ್ತಿ ಮುಗಿದಳು. "ತಪ್ಪಾಯ್ತು ಸ್ವಾಮಿ. ತಿಳೀದೆ ಕೊಟ್ಬುಟ್ಟವ್ನೆ. ಒಟ್ಟೆಗಾಕ್ಕಳಿ." ಒಂಬೈನೂರು ಬಿಳಿ ಕಣ ಉಳಿದಿದ್ದ ಹೆಂಗಸು, ನಾಲ್ಕು ಸಾವಿರವಾದರೂ ಇರಬೇಕಾದ ಕಡೆ ಒಂಬೈನೂರು, ಮಗನ ಪರವಾಗಿ ಕ್ಷಮೆ ಕೇಳುತ್ತಿದ್ದಳು. ಅದಕ್ಕಿಂತ ಅಸಹ್ಯವಾದದ್ದು ಇನ್ನೊಂದಿತ್ತು. ಆರು ಜನ ನಕ್ಕಾಗ ವಿಜಿಯೂ ನಕ್ಕಿದ್ದ. ತುಟಿ ತಾನಾಗಿಯೇ ಅಗಲವಾಗಿ, ಹಲ್ಲು ಹೊರಗೆ ಬಂದು, ಗಿರಾಕಿಗೆ 'ಚಿಲ್ಲರೆ ಇಲ್ಲ ಸಾರ್' ಅನ್ನುವಾಗ ಮೂಡುವ ಅದೇ ನಗು. ಯಾರನ್ನೋ ಬೈದದ್ದಕ್ಕೆ ತಾನು ಪಕ್ಕದಲ್ಲಿ ನಿಂತು ಸಂತೋಷಪಟ್ಟ ಹಾಗೆ.

ಅಷ್ಟರಲ್ಲಿ ಪೆನ್ನು ಅವನ ಎದೆಯನ್ನು ಬಿಟ್ಟು ಚಾರ್ಟಿಗೆ ಇಳಿದಿತ್ತು. ಡಾಕ್ಟರ ಬಾಯಿ ಮಗನ ಮೇಲೆ ಕೆಲಸ ಮಾಡುತ್ತಿದ್ದಾಗ ಕೈ ಬೇರೆಯದೇ ಕೆಲಸ ಮಾಡುತ್ತಿತ್ತು. ಔಷಧಿಗಳ ಪಟ್ಟಿಯ ಮೂರನೇ ಸಾಲಿನ ಮೇಲೆ ಸರ್ರನೆ ಒಂದು ಅಡ್ಡಗೆರೆ, ಪಕ್ಕದಲ್ಲಿ 'ಸ್ಟಾಪ್', ಅದರ ಕೆಳಗೆ ಸಹಿಯ ಬಾಲ. ವಿಜಿ ಎದುರಿಗೆ ನಿಂತು ತಲೆಕೆಳಗಾಗಿ ಓದಿದ. ನೆಟ್ಟಗೆ ಹಿಡಿದ ಇಂಗ್ಲಿಷ್ ಪೇಪರು ಅವನಿಗೆ ಓದಲು ಬರದು. ತಲೆಕೆಳಗಾದ ಡಾಕ್ಟರ ಬರಹ ಬರುತ್ತದೆ. ಏಳು ವರ್ಷದಿಂದ ಕೌಂಟರಿನ ಆಚೆ ನಿಂತ ಜನ ಚೀಟಿಯನ್ನು ತಮ್ಮ ಕಡೆಗೇ ಹಿಡಿದುಕೊಂಡು 'ಇದು ಕೊಡಿ' ಅಂದಿದ್ದಾರೆ, ಚೀಟಿ ಕಸಿದುಕೊಂಡು ಓಡಿಬಿಡುತ್ತಾನೋ ಅನ್ನುವ ಹಾಗೆ. ಇರುವೆ ಶಾಯಿಯಲ್ಲಿ ಬಿದ್ದು ಎದ್ದು ಹೋದ ಗುರುತಿನಂಥ ಗೀಟನ್ನು ನೋಡಿ ಇದು ಗ್ಯಾಸಿನದು, ಇದು ಬಿ.ಪಿ.ದು ಅನ್ನಬಲ್ಲ. ಅಡ್ಡಗೆರೆ ಬಿದ್ದದ್ದು ಲೈನೆಜೋಲಿಡ್ ಮೇಲೆ. ಅವ್ವನ ಕಾಲಿನ ಹುಣ್ಣಿಗೆ ಇದೇ ಡಾಕ್ಟರು ಬರೆದುಕೊಟ್ಟಿದ್ದ ದೊಡ್ಡ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಅದನ್ನು ಯಾಕೆ ಹೊಡೆದು ಹಾಕಿದರು ಅನ್ನುವುದು ಆಗ ತಲೆಗೆ ಹೋಗಲಿಲ್ಲ. ತಲೆಯೊಳಗೆ ಜಾಗವಿರಲಿಲ್ಲ, ಅಲ್ಲೆಲ್ಲ ತನ್ನದೇ ಹಲ್ಲು.

ಮೆಟ್ಟಿಲಿಳಿಯುವಾಗ, ಬಸ್ಸು ಹತ್ತುವಾಗ, ಕಿಟಕಿಯ ಗಾಜಿನಲ್ಲಿ, ಅದೇ ಹಲ್ಲು. ಒಂಬತ್ತನೇ ಕ್ಲಾಸಿನಲ್ಲೂ ಹೀಗೇ ನಕ್ಕಿದ್ದ. ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಬಿಳಿರಕ್ತಕಣದ ಚಿತ್ರ ಬರಿ ಅಂದಿದ್ದರು. ಅವನು ಒಂದು ದುಂಡನೆಯ ಗೆರೆ ಎಳೆದು ಚಾಕ್‌ಪೀಸು ಕೆಳಗಿಟ್ಟ. ಒಳಗೆ ಏನಿರುತ್ತೆ ಅಂತ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಬರೆಯಲಿಲ್ಲ, ಅಷ್ಟೆ. "ಇದೇನೋ, ಪೂರಿನಾ? ಸಾಗು ಎಲ್ಲಿ?" ಅಂದರು ಮೇಷ್ಟ್ರು. ಐವತ್ತು ಜನ ನಕ್ಕರು, ಅವನೂ ನಕ್ಕ. ಮಾರನೇ ದಿನದಿಂದ ಹೋಗಲಿಲ್ಲ. ಜನ ಬಡತನದಿಂದ ಸ್ಕೂಲು ಬಿಡ್ತಾರೆ, ಪ್ರೀತಿ ಮಾಡಿ ಬಿಡ್ತಾರೆ. ಇವನು ಒಂದು ಪೂರಿಗೆ ಬಿಟ್ಟ. ಅವ್ವ ಹೂಟಗಳ್ಳಿಯ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಮುನ್ನೂರು ಜನಕ್ಕೆ ಸಾರು ಕುದಿಸುತ್ತಾ, "ಓಗಾಕೆ ಇಷ್ಟ ಇಲ್ದಿದ್ರೆ ಬುಡು ಮಗಾ, ಕಯ್ಯಿ ಕಾಲು ಗಟ್ಟಿ ಅವಲ್ಲ" ಅಂದಿದ್ದಳು. ಕಾಲು ಗಟ್ಟಿ. ಸಕ್ಕರೆ ಕಾಯಿಲೆ ಆ ಗಟ್ಟಿ ಕಾಲಿನ ಸ್ಪರ್ಶವನ್ನೇ ತಿಂದಿತ್ತು. ಎರಡು ತಿಂಗಳ ಹಿಂದೆ ಚಪ್ಪಲಿಯ ಮೊಳೆ ಪಾದಕ್ಕೆ ಇಳಿದದ್ದು ಗೊತ್ತಾಗದೆ ಇಡೀ ದಿನ ಅದರ ಮೇಲೇ ನಡೆದಾಡಿದ್ದಳು. ಸಂಜೆ ಕ್ಯಾಂಟೀನಿನ ನೆಲ ಒರೆಸುವವಳು, "ಅಕ್ಕಾ, ಯಾರೋ ಕುಂಕುಮ ಚೆಲ್ಲವ್ರೆ" ಅಂದ ಮೇಲೆ ಕಾಲು ನೋಡಿಕೊಂಡಿದ್ದು. ಕಿಡ್ನಿಯೂ ಅರ್ಧಂಬರ್ಧ ಅಂತ ಡಾಕ್ಟರು ಆಗಲೇ ಬರೆದಿದ್ದರು. ಅರ್ಧಂಬರ್ಧ ಅನ್ನುವುದು ಈ ಮನೆಗೆ ಹಿಡಿದದ್ದು.

ರಾಮಕೃಷ್ಣನಗರದ ಅಂಗಡಿಗೆ ಬಂದಾಗ ಹನ್ನೊಂದು. ಗಿರಾಕಿಯೊಬ್ಬರು, ಇಸ್ತ್ರಿ ಅಂಗಿಯವರು, ಫೋನಿನಿಂದ ಕಣ್ಣು ತೆಗೆಯದೆ, "ಗಂಟಲು ಕೆರೆತ. ಆ್ಯಂಟಿಬಯಾಟಿಕ್ ಎರಡು ಕೊಡು, ಸ್ಟ್ರಾಂಗಾಗಿರೋದು" ಅಂದರು.

"ಕಾಫಿ ಏನ್ರೀ ಅದು, ಸ್ಟ್ರಾಂಗಾಗಿ ಕೊಡೋಕೆ? ಚೀಟಿ ಎಲ್ಲಿ?"

"ಏಯ್, ದಿನಾ ಕೊಡ್ತಿದ್ದೆ, ಇವತ್ತೇನು ಹೊಸದು?"

"ಇವತ್ತು ಕೊಡಲ್ಲ."

ಆಸಾಮಿ ಎದುರಿನ ಅಂಗಡಿಗೆ ಹೋದರು. ಅಲ್ಲಿ ಸಿಕ್ಕಿತು. ವಿಜಿ ಕತ್ತರಿ ಕೈಯಲ್ಲಿ ಹಿಡಿದು ನೋಡುತ್ತಾ ನಿಂತ. ಸ್ಟ್ರಿಪ್ಪಿನಿಂದ ಎರಡು ಮಾತ್ರೆ ಕತ್ತರಿಸಿ ಕೊಡುವ ಈ ಕತ್ತರಿಗೆ ಏಳು ವರ್ಷ. ಕತ್ತರಿಸಿದಾಗ ಹೆಸರು ಒಂದು ತುಂಡಿಗೆ, ತಾರೀಕು ಇನ್ನೊಂದು ತುಂಡಿಗೆ ಹೋಗುತ್ತಿತ್ತು. ಮನೆಗೆ ತಂದು ಬಿಸ್ಕತ್ತು ಡಬ್ಬಿಯಲ್ಲಿ ತುಂಬಿದ್ದ ಅಂಥ ತುಂಡುಗಳಿಂದಲೇ, ಹಾಳೆಯ ಬಣ್ಣ ನೋಡಿ, ಅವ್ವನಿಗೆ ಜ್ವರ ಬಂದ ಸಂಜೆ ಎರಡು ಕೊಟ್ಟದ್ದು. ಕೊಡುವಾಗ ಏನು ಗತ್ತು. ನೀರಿನ ಲೋಟ ಹಿಡಿದು, "ನುಂಗವ್ವ, ನಾಳೆ ಎದ್ದು ಓಡಾಡ್ತೀಯ" ಅಂದಿದ್ದ. ಆ ನಾಳೆ ಅವಳನ್ನು ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದ.

ಭಾನುಮತಿ ಒಳಗಿನಿಂದ ಎಲ್ಲವನ್ನೂ ನೋಡುತ್ತಿದ್ದಳು. ಅಂಗಡಿಯ ಗೋಡೆಯಲ್ಲಿ ದೇವರ ಪಟದ ಪಕ್ಕ ನೇತಾಡುವ ಫಾರ್ಮಸಿ ಸರ್ಟಿಫಿಕೇಟಿನಲ್ಲಿ ಇರುವುದು ಅವಳ ಫೋಟೋ. ಬೇರೆ ಅಂಗಡಿಗಳಲ್ಲಿ ಸರ್ಟಿಫಿಕೇಟು ಮಾತ್ರ ಇರುತ್ತದೆ, ಇಲ್ಲಿ ಮನುಷ್ಯಳೂ ಬರುತ್ತಾಳೆ, ಅದೊಂದು ವಿಶೇಷ.

"ಏನಂದ್ರೋ ರೌಂಡ್ಸಲ್ಲಿ?"

"ನಾನೇ ಕಾಯಿಲೆ ಅಂತೆ ಭಾನಕ್ಕ. ಎರಡು ಅಜಿತ್ರೊ ಕೊಟ್ಟು ಬಿಳಿ ಕಣ ಎಲ್ಲಾ ಸಾಯಿಸಿಬುಟ್ಟೆ ಅಂತೆ."

"ಮೊನ್ನೆ ಸಂಜೆ ನುಂಗಿದ್ದಕ್ಕೆ ನಿನ್ನೆ ಬೆಳಿಗ್ಗೆ ಒಂಬೈನೂರಾ? ಕಣ ಏನು ಸಕ್ಕರೆನಾ, ಬಾಯಿಗೆ ಹಾಕಿದ ತಕ್ಷಣ ಕರಗೋಕೆ? ನೀನು ಕೊಟ್ಟಿದ್ದು ತಪ್ಪೇ, ಅದಕ್ಕೆ ಕೆನ್ನೆಗೆ ಹೊಡೀಬೇಕು ನಿನಗೆ. ಆದರೆ ಇದು ಬಹಳ ದಿನದ ಕೆಲಸ ಕಣೋ. ಬೇರೆ ಏನು ನುಂಗ್ತಿದ್ರು? ಚೀಟಿ ಎಲ್ಲಾ ತೆಗಿ."

ಚೀಟಿ ಮೂರಿದ್ದವು, ಪ್ಲಾಸ್ಟಿಕ್ ಕವರಿನಲ್ಲಿ. ಮೊದಲನೆಯದರಲ್ಲಿ ಎಲ್ಲ ಔಷಧಿಯ ಹೆಸರು, ಲೈನೆಜೋಲಿಡ್ ಮುಂದೆ ಹದಿನಾಲ್ಕು ದಿನ. ಎರಡನೆಯದರಲ್ಲಿ ಹೆಸರೇ ಇಲ್ಲ, ಸಿ.ಎಸ್.ಟಿ. ಅನ್ನುವ ಮೂರಕ್ಷರ, ಎರಡು ವಾರ, ಸಹಿ. ಮೂರನೆಯದೂ ಸಿ.ಎಸ್.ಟಿ. ಅದೇ ಚಿಕಿತ್ಸೆ ಮುಂದುವರಿಸಿ ಅನ್ನುವುದಕ್ಕೆ ಡಾಕ್ಟರುಗಳು ಹಾಗೆ ಬರೆಯುತ್ತಾರೆ. ಹೊರಗೆ ಅರವತ್ತು ಟೋಕನ್ ಕಾಯುತ್ತಿರುವಾಗ ಒಂದೊಂದೇ ಹೆಸರು ಬರೆಯುತ್ತಾ ಕೂರಲಾಗುತ್ತದೆಯೇ? ಕೌಂಟರಿನ ಹುಡುಗರಿಗೂ ಮೂರಕ್ಷರ ಕಂಡರೆ ಪ್ರೀತಿ. ಹಳೇ ಚೀಟಿ ನೋಡು, ಕಳೆದ ಸಲದ್ದನ್ನೇ ಎತ್ತು, ಕವರಿಗೆ ಹಾಕು. ಬಿ.ಪಿ. ಮಾತ್ರೆಗೆ ಅದು ಸರಿ, ಸಾಯುವ ತನಕ ಮುಂದುವರಿಯುತ್ತದೆ. ಮುಂದುವರಿಯಬಾರದ್ದು ಯಾವುದು ಅಂತ ಬರೆದವರೂ ನೋಡಲಿಲ್ಲ, ಕೊಟ್ಟವನೂ ನೋಡಲಿಲ್ಲ. ಕೊಟ್ಟವನು ವಿಜಿ. ಎಲ್ಲಾ ಸೇರಿ ಮೂವತ್ತೆಂಟು ದಿನ.

ಭಾನುಮತಿ ಶೆಲ್ಫಿನಿಂದ ಲೈನೆಜೋಲಿಡ್‌ನ ಒಂದು ಪೆಟ್ಟಿಗೆ ತೆಗೆದು ಒಳಗಿನ ಕಾಗದ ಬಿಚ್ಚಿದಳು. ಬೆಂಕಿಪೊಟ್ಟಣದಷ್ಟು ಮಡಿಸಿದ್ದು ಬಿಚ್ಚುತ್ತಾ ಟವೆಲಿನಷ್ಟಾಯಿತು. ಯಾರೂ ಓದಬಾರದು ಅಂತಲೇ ಸಾಸಿವೆಗಿಂತ ಸಣ್ಣ ಅಕ್ಷರ. ಅವಳು ಕನ್ನಡಕ ಹಣೆಗೇರಿಸಿ ಒಂದು ಕಡೆ ಬೆರಳಿಟ್ಟಳು. "ಎರಡು ವಾರ ದಾಟಿದ್ರೆ ರಕ್ತಕಣ ಇಳೀಬಹುದು, ವಾರಕ್ಕೊಂದ್ಸಲ ರಕ್ತ ಪರೀಕ್ಷೆ ಮಾಡಿಸಿ ಅಂತ ಇದೆ. ಕಿಡ್ನಿ ಸರಿಯಿಲ್ಲದವರಿಗೆ ಇನ್ನೂ ಹುಷಾರಾಗಿರಿ ಅಂತ. ನಿಮ್ಮವ್ವನಿಗೆ ಮಾಡಿಸಿದ್ರಾ?"

"ಸಕ್ಕರೆದು ಮಾಡಿಸಿದ್ರು."

"ಕೇಳು. ನಮ್ಮ ಕಣದ ಒಳಗೆ ಸಣ್ಣ ಸಣ್ಣ ಒಲೆ ಇರುತ್ವೆ. ಕಣ ಹುಟ್ಟೋಕೆ, ಓಡೋಕೆ, ಕ್ರಿಮೀನ ಹಿಡಿದು ನುಂಗೋಕೆ ಆ ಒಲೆ ಉರೀಬೇಕು. ಆ ಒಲೆ ಕಟ್ಟಿರೋ ರೀತಿಗೂ ಕ್ರಿಮಿಯ ಮೈ ಕಟ್ಟಿರೋ ರೀತಿಗೂ ಹೋಲಿಕೆ ಇದೆ. ಈ ಮಾತ್ರೆ ಕ್ರಿಮೀನ ಹೊಡೆಯುತ್ತೆ, ಒಳ್ಳೇದು. ಜಾಸ್ತಿ ದಿನ ಇದ್ರೆ ನಮ್ಮ ಒಲೇನೂ ಆರಿಸುತ್ತೆ. ಕಣ ಹುಟ್ಟೋದು ಕಮ್ಮಿ ಆಗುತ್ತೆ, ಹುಟ್ಟಿದ್ದಕ್ಕೂ ತ್ರಾಣ ಇರಲ್ಲ."

ಪೂರಿಯ ಒಳಗೆ ಒಲೆ. ಹತ್ತು ವರ್ಷ ತಡವಾಗಿ ಉತ್ತರ ಸಿಕ್ಕಿತು, ಅದೂ ಅವ್ವನ ಮೈಯಲ್ಲಿ ಆರಿದ ಮೇಲೆ. ಮುನ್ನೂರು ಜನರ ಒಲೆ ಹೊತ್ತಿಸುತ್ತಿದ್ದವಳ ಮೈಯೊಳಗೆ ಇವನು ಬೆಳಿಗ್ಗೆ ಒಂದು, ರಾತ್ರಿ ಒಂದು ನೀರು ಸುರಿದಿದ್ದ. ಆಗಲೇ ಹೊಳೆದದ್ದು, ಬೆಳಿಗ್ಗೆಯ ಅಡ್ಡಗೆರೆ. ಡಾಕ್ಟರಿಗೆ ಗೊತ್ತಿತ್ತು. ಒಂಬೈನೂರು ಅನ್ನುವ ಅಂಕಿ ನೋಡಿದ ಕೂಡಲೇ ಗೊತ್ತಾಗಿತ್ತು. ಕಾಯಿಲೆಯ ಹೆಸರು ಮಗ ಅಂತ ಬಾಯಿ ಹೇಳುತ್ತಿದ್ದಾಗ ಕೈ ನಿಜವಾದ ಹೆಸರನ್ನು ಹೊಡೆದು ಹಾಕುತ್ತಿತ್ತು. ಆ ಕೈಗೆ ಬುದ್ಧಿಯಿದೆ, ಮರ್ಯಾದೆಯೂ ಇದೆ. ಆ ಬಾಯಿ ಯಾವ ಕಾಲೇಜಿನಲ್ಲಿ ಓದಿತೋ.

ಹಾಗೆ ಅಂದುಕೊಂಡು ಖುಷಿಪಡುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಅವನಿಗೂ ಗೊತ್ತಿತ್ತಲ್ಲವೇ? ಒಲೆ ಗಿಲೆ ಗೊತ್ತಿರಲಿಲ್ಲ, ನಿಜ. ಆದರೆ ಆ ಮಾತ್ರೆಯನ್ನು ಮೂರನೇ ಸಲ ಕೇಳಿಕೊಂಡು ಅಂಗಡಿಗೆ ಯಾರೂ ಬಂದಿರಲಿಲ್ಲ, ಏಳು ವರ್ಷದಲ್ಲಿ. ಶೆಲ್ಫು ಖಾಲಿಯಾಗಿ ಹೊಸದಾಗಿ ತರಿಸಬೇಕಾದಾಗ ಕೈ ಒಂದು ಕ್ಷಣ ನಿಂತಿತ್ತು. ಎರಡನೇ ಸಲ ತೋರಿಸಲು ಹೋದಾಗ ಕೇಳಬೇಕು ಅಂತ ನಾಲಿಗೆ ತುದಿಗೆ ತಂದುಕೊಂಡಿದ್ದ: 'ಸಾರ್, ಈ ದೊಡ್ಡ ಮಾತ್ರೆ ಇನ್ನೂ ಬೇಕಾ?' ಇಷ್ಟೇ. ಡಾಕ್ಟರು ಫೋನಿನಿಂದ ತಲೆಯೆತ್ತಿ ಹುಬ್ಬು ಮೇಲೇರಿಸಿದರು. ಆ ಹುಬ್ಬಿನ ಕೆಳಗೆ 'ಎಷ್ಟು ಓದಿದ್ದೀಯ' ಅನ್ನುವ ಪ್ರಶ್ನೆ ಕೂತಿತ್ತು. ವಿಜಿ ಹಲ್ಲು ಬಿಟ್ಟು, "ಏನಿಲ್ಲ ಸಾರ್" ಅಂದು ಚೀಟಿ ತೆಗೆದುಕೊಂಡು ಬಂದ. ಒಂದು ಹುಬ್ಬಿಗೆ ಹೆದರಿ ಇಪ್ಪತ್ತನಾಲ್ಕು ದಿನ ಹೆಚ್ಚಿಗೆ ಕೊಟ್ಟ. ಅಷ್ಟೇ ಅಲ್ಲ, ಅಕ್ಕಪಕ್ಕದ ಮನೆಯವರ ಎದುರಿಗೆ, "ನಮ್ಮವ್ವಂದು ತುಂಬಾ ದೊಡ್ಡ ಮಾತ್ರೆ, ಎಲ್ಲರಿಗೂ ಬರೆಯಲ್ಲ" ಅಂತ ಕೊಚ್ಚಿಕೊಂಡೂ ಇದ್ದ.

ಮೂರು ಚೀಟಿ ಮತ್ತು ಆ ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಅಲ್ಲಿಂದ ಐದು ದಿನ ಓಡಾಡಿದ. ಬಸ್ಸಿನಲ್ಲಿ ಮಾತು ಜೋಡಿಸುತ್ತಿದ್ದ. ನೋಡಿ ಸಾರ್. ಸಾರ್ ಬೇಡ. ನೋಡ್ರೀ ವಸಿಷ್ಠ. ಅದೂ ಬೇಡ, ಅವ್ವ ಅವರ ಕೈಯಲ್ಲಿದ್ದಾಳೆ. ನೋಡಿ ಡಾಕ್ಟ್ರೇ, ಆರು ಜನ ಇದ್ದಾಗಲೇ ಹೇಳ್ತೀನಿ, ಬರ್ಕೊಳ್ಳಿ. ಪಕ್ಕದಲ್ಲಿ ಕೂತವರು ಇವನ ತುಟಿ ಅಲ್ಲಾಡುವುದನ್ನು ನೋಡಿ ಇನ್ನೊಂದು ಸೀಟಿಗೆ ಹೋದರು. ಆದರೆ ಪ್ರತಿದಿನ ರೌಂಡ್ಸು ಮುಗಿದ ಮೇಲೆಯೇ ವಾರ್ಡು ಸೇರುತ್ತಿದ್ದ. ಬಸ್ಸು ತಡ, ಅಂಗಡಿ ಕೆಲಸ, ಏನಾದರೊಂದು. ತಡವಾದದ್ದಕ್ಕೆ ಬಸ್ಸನ್ನು ಬೈಯುವಾಗ ಒಳಗೆ ತಣ್ಣಗಾಗುತ್ತಿತ್ತು. ಕಣ ಏರುತ್ತಿತ್ತು: ಸಾವಿರದ ನಾನೂರು, ಎರಡು ಸಾವಿರದ ಇನ್ನೂರು. ಅವ್ವ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು.

"ನಂಗೆ ಬ್ಯಾನೆ ಬಂದಿದ್ದು ನಿನ್ನಿಂದ ಅಲ್ಲ ಅಂತ ನಂಗೊತ್ತು ಕಣ್ ಮಗಾ," ಅಂದಳು ಒಂದು ಮಧ್ಯಾಹ್ನ, ಲೋಟದೊಳಗೆ ನೋಡುತ್ತಾ. "ಆ ದೊಡ್ಡ ಮಾತ್ರೆ ನಿಲ್ಸವ್ರೆ. ನಿಲ್ಸಿದ್ಮೇಲೆ ಬಾಯಿ ರುಚಿ ಬಂತು. ನಂಗೆ ಅಷ್ಟೂ ತಿಳಿಯಕಿಲ್ವಾ?"

"ಮತ್ತೆ ಯಾಕವ್ವ ಅವರಿಗೆ ಕೈ ಮುಗಿದೆ?"

"ಮುನ್ನೂರು ಜನಕ್ಕೆ ಸಾರು ಬಡ್ಸಿವ್ನಿ. ಉಪ್ಪು ಕಮ್ಮಿ ಆದ್ರೂ ನಂದೇ ತಪ್ಪು, ಜಾಸ್ತಿ ಆದ್ರೂ ನಂದೇ. ಕೈ ಮುಗುದ್ರೆ ಮುಂದ್ಕೋಯ್ತರೆ. ನೀನೇನೂ ಬಾಯಿ ಬುಡಬ್ಯಾಡ. ನನ್ನ ನೆಟ್ಟಗೆ ಮನೀಗೆ ಕಳುಸ್ಲಿ."

ಆರನೇ ದಿನ ಹಾಳಾದ ಬಸ್ಸು ಬೇಗ ಬಂತು. ರೌಂಡ್ಸು ಮಂಚದ ಹತ್ತಿರವೇ ಇತ್ತು. ಅದೇ ಆರು ಜನ, ಸೀನಿದವನ ನೆಗಡಿ ಈಗ ಇನ್ನೊಬ್ಬನಿಗೆ ಬಂದಿತ್ತು. ಹೇಮಶ್ರೀ ಡಿಸ್ಚಾರ್ಜ್ ಕಾಗದವನ್ನು ಹಲಗೆಗೆ ಸಿಕ್ಕಿಸಿ ಹಿಡಿದಿದ್ದಳು, ಡಾಕ್ಟರು ಅದರ ಕೆಳಗೆ ನೋಡದೆ ಸಹಿ ಎಳೆದು ತಲೆಯೆತ್ತಿದರು.

"ಆಹಾ, ಕಾಯಿಲೆ ಬಂತು! ಜ್ಞಾಪಕ ಇದೆಯೇನ್ರೀ? ಒಂಬೈನೂರು ಇತ್ತು, ಇವತ್ತು ಮೂರು ಸಾವಿರದ ನಾನೂರು. ಏನು ಮಾಡಿದ್ವಿ ನಾವು? ಏನೂ ಇಲ್ಲ. ಮಗನ ಔಷಧಿ ನಿಲ್ಲಿಸಿದ್ವಿ." ಐದು ಜನ ನಕ್ಕರು. "ಏನಪ್ಪಾ, ಈಗಲಾದ್ರೂ ಒಪ್ಕೋತೀಯಾ?"

ವಿಜಿಯ ಕೈ ಜೇಬಿಗೆ ಹೋಯಿತು. ಮಾತು ಎಲ್ಲ ಜೋಡಿಸಿದ್ದೇ ಇತ್ತು, ಸಾರ್ ಇಲ್ಲದ್ದು. ಆಗ ಅವನ ಕಣ್ಣು ಅಭ್ಯಾಸಬಲದಿಂದ ಹಲಗೆಯ ಮೇಲೆ ಬಿತ್ತು. ಈ ಕಾಗದ ಕಂಪ್ಯೂಟರಿನದು, ಅಕ್ಷರ ದುಂಡಗೆ, ತಲೆಕೆಳಗಾಗಿಯೂ ಸಲೀಸು. ಮನೆಗೆ ಹೋದ ಮೇಲೆ ಕೊಡಬೇಕಾದ ಔಷಧಿಗಳು. ಒಂದು, ಸಕ್ಕರೆಯದು. ಎರಡು, ಬಿ.ಪಿ.ದು. ಮೂರು, ಲೈನೆಜೋಲಿಡ್, ಬೆಳಿಗ್ಗೆ ಒಂದು, ರಾತ್ರಿ ಒಂದು. ಹಳೆಯ ಕಾಗದದಿಂದ ಎತ್ತಿ ಹಾಕಿದ್ದು. ಎತ್ತಿ ಹಾಕುವಾಗ ಅಡ್ಡಗೆರೆ ಮಾತ್ರ ಅಲ್ಲೇ ಉಳಿದಿತ್ತು. ಕೆಳಗೆ ಎರಡು ವಾರ. ಕೆಳಗೆ ಸಹಿ, ಇನ್ನೂ ಒಣಗಿರಲಿಲ್ಲ.

ಅವನು ಬೆರಳು ಚಾಚಿ ಮೂರನೇ ಸಾಲಿನ ಮೇಲಿಟ್ಟ. ಹೇಮಶ್ರೀ ಬೆರಳನ್ನು ನೋಡಿದಳು, ಆಮೇಲೆ ಸಾಲನ್ನು. ಕಿವಿಯಿಂದ ಕತ್ತಿನ ತನಕ ಬಣ್ಣ ಇಳಿದು ಹೋದದ್ದು ಅವನಿಗೆ ಕಾಣಿಸಿತು. ಅವಳು ಡಾಕ್ಟರ ಮುಖ ನೋಡಿದಳು, ಬಾಯಿ ತೆರೆದಳು. ಡಾಕ್ಟರು ಹುಬ್ಬು ಮೇಲೇರಿಸಿದರು. ಅವಳ ತುಟಿ ಅಗಲವಾಯಿತು, ಹಲ್ಲು ಕಾಣಿಸಿತು. "ಏನಿಲ್ಲ ಸಾರ್" ಅಂದಳು. ಐದೂವರೆ ವರ್ಷ ಓದಿದವಳು. ವಿಜಿಗೆ ಒಂದು ಕ್ಷಣ ಆ ಹಲ್ಲು ತನ್ನದೇ ಅನ್ನಿಸಿ ಮೈ ಕೊಡವಿಕೊಳ್ಳುವಂತಾಯಿತು.

"ಏನೋ, ನಾಲಿಗೆ ಬಿದ್ದೋಯ್ತಾ? ಒಪ್ಕೋತೀಯೋ ಇಲ್ವೋ?"

"ಒಪ್ಕತಾನೆ ಸ್ವಾಮಿ, ಅವ್ನು ಅಂಗೇಯ," ಅಂದಳು ಚೆಲುವಮ್ಮ, ಮಾಸ್ಕಿನ ಒಳಗಿನಿಂದ.

ವಿಜಿ ಕಾಗದವನ್ನು ಹಲಗೆಯಿಂದ ಬಿಡಿಸಿಕೊಂಡ. ಹೇಮಶ್ರೀ ತಡೆಯಲಿಲ್ಲ, ಅವಳ ಕೈಯಲ್ಲಿದ್ದ ಪೆನ್ನು ಹೇಗೋ ಇವನ ಕೈಗೆ ಬಂದಿತ್ತು, ಕೊಟ್ಟಳೋ, ಕಿತ್ತುಕೊಂಡನೋ. ಗೋಡೆಗೆ ಕಾಗದ ಒತ್ತಿ ಹಿಡಿದು, ಎಲ್ಲರ ಎದುರಿಗೆ, ಮೂರನೇ ಸಾಲಿನ ಮೇಲೆ ಒಂದು ಗೆರೆ ಎಳೆದ. ಗೆರೆ ಸೊಟ್ಟಗಾಯಿತು. ನಗು ಬರುತ್ತದೇನೋ ಅಂತ ಮುಖದೊಳಗೆ ಕಾದ. ಬರಲಿಲ್ಲ. ಪೆನ್ನನ್ನು ಅವ್ವನ ಹೊದಿಕೆಯ ಮೇಲಿಟ್ಟು, ಕಾಗದ ಮಡಿಸಿಕೊಂಡು ಬಾಗಿಲ ಕಡೆ ನಡೆದ. "ಏಯ್, ನಿನ್ನನ್ನೇ ಕೇಳ್ತಿರೋದು! ಏನ್ ಹೊಡೆದು ಹಾಕ್ದೆ ಅಲ್ಲಿ?" ಡಾಕ್ಟರ ದನಿ ಹಿಂದಿನಿಂದ ಬಂತು, ಈ ಸಲ ಯಾರೂ ನಗಲಿಲ್ಲ. ಅವನು ತಿರುಗದೆ, ಉಳಿದ ಎರಡು ಔಷಧಿ ತರಲು ಮೆಟ್ಟಿಲಿಳಿದ.